ಸೂಪರ್‌ಚಾರ್ಜ್ಡ್ ಎಂಜಿನ್ ಕಟ್ಟುವಾಗ ಕಮ್ಮಿ ದುಡ್ಡನ್ನು ಎಲ್ಲಿ ಹಾಕಬೇಕು?

ಪ್ರಶ್ನೆ: ನನ್ನ ಕಾರು ಹಳೆಯ ಪಾಂಟಿಯಾಕ್ ಗ್ರ್ಯಾಂಡ್ ಪ್ರಿ ಜಿಟಿಪಿ. ಅದರಲ್ಲಿರುವುದು 3.8 ಲೀಟರಿನ ಸೂಪರ್‌ಚಾರ್ಜ್ಡ್ ವಿ6. ನನಗಿಂತ ಮೊದಲು ಇಟ್ಟುಕೊಂಡಿದ್ದವರು ಸೂಪರ್‌ಚಾರ್ಜರ್‌ಗೆ ಸಣ್ಣ ಪುಲ್ಲಿ ಹಾಕಿಸಿದ್ದರು. ಈಗ ನೀಲಿ ಹೊಗೆ ಬರುತ್ತಿದೆ. ಒಂದು ಸಿಲಿಂಡರ್‌ನಲ್ಲಿ ಕಂಪ್ರೆಷನ್ ಕಮ್ಮಿ. ಐಡಲ್‌ನಲ್ಲಿ ಕಟಕಟ ಸದ್ದು. ಎಂಜಿನ್ ಬಿಚ್ಚಿ ನಾನೇ ಕಟ್ಟಬೇಕು ಅಂತಿದ್ದೇನೆ, ಆದರೆ ಕೈಯಲ್ಲಿರುವ ದುಡ್ಡು ಕಮ್ಮಿ. ಫೋರ್ಜ್ಡ್ ಪಿಸ್ಟನ್, ಫೋರ್ಜ್ಡ್ ರಾಡ್ ಹಾಕಲೇಬೇಕಾ? ಎಲ್ಲಿ ಖರ್ಚು ಮಾಡಲಿ, ಎಲ್ಲಿ ಉಳಿಸಲಿ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಆ ಸಣ್ಣ ಪುಲ್ಲಿ ತೆಗೆದು ಕಂಪನಿಯ ಅಳತೆಯ ಪುಲ್ಲಿ ವಾಪಸ್ ಹಾಕಿ. ಫೋರ್ಜ್ಡ್, ಅಂದರೆ ಲೋಹವನ್ನು ಒತ್ತಿ ಬಡಿದು ಮಾಡಿದ, ರಾಡ್ ಬೇಡ. ಫೋರ್ಜ್ಡ್ ಪಿಸ್ಟನ್ ಬೇಕೋ ಬೇಡವೋ ಅನ್ನುವುದನ್ನು ಸಿಲಿಂಡರ್ ಅಳೆದ ಮೇಲೆ ತೀರ್ಮಾನ ಮಾಡಿ, ಅದಕ್ಕೆ ಮುಂಚೆ ಬೇಡ. ನಿಮ್ಮ ದುಡ್ಡು ಹೋಗಬೇಕಾದದ್ದು ಎಂಜಿನ್ ಮುಚ್ಚಿದ ಮೇಲೆ ಕಣ್ಣಿಗೆ ಕಾಣದ ಜಾಗಗಳಿಗೆ: ಸರಿಯಾದ ಅಳತೆ, ಸಿಲಿಂಡರ್ ಕೆಲಸ, ಬೇರಿಂಗ್, ರಿಂಗ್, ಗ್ಯಾಸ್ಕೆಟ್, ಇಂಜೆಕ್ಟರ್. ಇವಿಷ್ಟು ಸರಿ ಇದ್ದರೆ ಆ ಎಂಜಿನ್ ಕಂಪನಿಯ ಬೂಸ್ಟ್‌ನಲ್ಲಿ (ಸೂಪರ್‌ಚಾರ್ಜರ್ ಎಂಜಿನ್‌ಗೆ ತಳ್ಳುವ ಗಾಳಿಯ ಹೆಚ್ಚುವರಿ ಒತ್ತಡ) ಬಹಳ ವರ್ಷ ಓಡುತ್ತದೆ. ಇವು ಸರಿ ಇಲ್ಲದಿದ್ದರೆ ಎಷ್ಟೇ ದುಬಾರಿ ಪಿಸ್ಟನ್ ಹಾಕಿದರೂ ಉಳಿಯುವುದಿಲ್ಲ.

ಪುಲ್ಲಿಯ ಮಾತು ಯಾಕೆ ಮೊದಲು ಬಂತು ಅಂದರೆ, ಎಲ್ಲ ಖರ್ಚೂ ಬೂಸ್ಟ್ ಎಷ್ಟು ಅನ್ನುವುದರ ಮೇಲೆ ನಿಂತಿದೆ. ನಿಮ್ಮದು ಜನರಲ್ ಮೋಟಾರ್ಸ್‌ನ 3800 ಸೀರೀಸ್ 2, ಎಲ್67 ಅಂತ ಕರೆಯುವ ಎಂಜಿನ್. ಬ್ಲಾಕ್, ಹೆಡ್ ಎರಡೂ ಬೀಡು ಕಬ್ಬಿಣ. ಕಂಪ್ರೆಷನ್ ರೇಷಿಯೋ (ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಅಂಕಿ) 8.5:1. ಮೇಲೆ ಈಟನ್ ಎಂ90 ಸೂಪರ್‌ಚಾರ್ಜರ್. ಶಕ್ತಿ 240 ಹಾರ್ಸ್‌ಪವರ್. ಕೆಳಭಾಗ, ಅಂದರೆ ಬ್ಲಾಕ್, ಕ್ರ್ಯಾಂಕ್, ರಾಡ್, ನಿಜಕ್ಕೂ ಗಟ್ಟಿ. ಇದರ ಕಷ್ಟ ಇರುವುದು ಗಾಳಿಯ ಬಿಸಿಯಲ್ಲಿ, ಯಾಕೆಂದರೆ ಕಂಪನಿ ಇದಕ್ಕೆ ಇಂಟರ್‌ಕೂಲರ್ (ಬೂಸ್ಟ್ ಗಾಳಿಯನ್ನು ತಣಿಸುವ ಭಾಗ) ಕೊಟ್ಟಿಲ್ಲ.

ಎಂ90 ರೂಟ್ಸ್ ಮಾದರಿಯದು. 1860ರಲ್ಲಿ ರೂಟ್ಸ್ ಸಹೋದರರು ಇದಕ್ಕೆ ಪೇಟೆಂಟ್ ಪಡೆದಾಗ ಇದು ಕಾರ್ಖಾನೆಯ ಕುಲುಮೆಗೆ ಗಾಳಿ ಊದುವ ಯಂತ್ರ. ತನ್ನೊಳಗೆ ಗಾಳಿಯನ್ನು ಒತ್ತುವುದಿಲ್ಲ, ಬರೀ ತಳ್ಳುತ್ತದೆ. ಒತ್ತಡ ಹುಟ್ಟುವುದು ಆಚೆ ಮ್ಯಾನಿಫೋಲ್ಡ್‌ನಲ್ಲಿ. ಹಾಗಾಗಿ ಗಾಳಿ ಜಾಸ್ತಿ ಕಾಯುತ್ತದೆ. ಲೆಕ್ಕ ಹಾಕಿ ನೋಡೋಣ. ಒಳಗೆ ಬರುವ ಗಾಳಿ 30 ಡಿಗ್ರಿ ಸೆಲ್ಸಿಯಸ್, ಸೂಪರ್‌ಚಾರ್ಜರ್‌ನ ದಕ್ಷತೆ ಶೇ 55 ಅಂತ ಇಟ್ಟುಕೊಳ್ಳಿ. 8 ಪಿಎಸ್‌ಐ (ಚದರ ಇಂಚಿಗೆ ಪೌಂಡ್, ಒತ್ತಡದ ಅಳತೆ) ಬೂಸ್ಟ್‌ನಲ್ಲಿ ಹೊರಬರುವ ಗಾಳಿ ಸುಮಾರು 100 ಡಿಗ್ರಿ. 12 ಪಿಎಸ್‌ಐಗೆ ಏರಿಸಿದರೆ ಸುಮಾರು 130 ಡಿಗ್ರಿ. ವೇಗ ಜಾಸ್ತಿಯಾದಂತೆ ದಕ್ಷತೆ ಇನ್ನೂ ಇಳಿಯುತ್ತದೆ, ಅಂದರೆ ನಿಜವಾದ ಬಿಸಿ ಇದಕ್ಕಿಂತಲೂ ಮೇಲೆ ಹೋಗಬಹುದು. ಕಂಪನಿಯ ಪುಲ್ಲಿ 3.8 ಇಂಚು. ಅದರ ಜಾಗದಲ್ಲಿ 3.4 ಇಂಚಿನದು ಕೂತರೆ ಸೂಪರ್‌ಚಾರ್ಜರ್ ಶೇ 12ರಷ್ಟು ಜೋರಾಗಿ ತಿರುಗುತ್ತದೆ. ಸುಮ್ನೆ ಒಂದು ಪುಲ್ಲಿ ತಾನೇ ಅನಿಸುತ್ತದೆ, ಅಲ್ವಾ? ಆದರೆ ಕಾದ ಗಾಳಿಯಿಂದ ನಾಕಿಂಗ್, ಅಂದರೆ ಪೆಟ್ರೋಲ್ ಮಿಶ್ರಣ ಹದ ತಪ್ಪಿ ತಾನಾಗಿಯೇ ಸಿಡಿಯುವುದು, ಶುರುವಾಗುತ್ತದೆ. ನಾಕಿಂಗ್ ಪಿಸ್ಟನ್ನಿನ ರಿಂಗ್ ಕೂರುವ ಅಂಚನ್ನು ಒಡೆಯುತ್ತದೆ. ಒಂದೇ ಸಿಲಿಂಡರ್‌ನಲ್ಲಿ ಕಂಪ್ರೆಷನ್ ಕಮ್ಮಿ, ಜೊತೆಗೆ ನೀಲಿ ಹೊಗೆ ಅಂದಾಗ ನನಗೆ ಮೊದಲು ಬರುವ ಅನುಮಾನ ಇದೇ.

ಅನುಮಾನದ ಮೇಲೆ ಎಂಜಿನ್ ಬಿಚ್ಚಬೇಡಿ. ಬಿಚ್ಚುವ ಮೊದಲಿನ ಒಂದು ದಿನದ ಪರೀಕ್ಷೆ ಇಡೀ ಕೆಲಸದಲ್ಲಿ ಅತಿ ಜಾಸ್ತಿ ದುಡ್ಡು ಉಳಿಸುವ ಭಾಗ.

ಕಟಕಟ ಸದ್ದಿನಿಂದ ಶುರು ಮಾಡಿ. ಈಟನ್ ಸೂಪರ್‌ಚಾರ್ಜರ್‌ನ ಮೂತಿಯೊಳಗೆ ಪುಲ್ಲಿಯ ಶಾಫ್ಟನ್ನು ಗೇರಿಗೆ ಜೋಡಿಸುವ ಒಂದು ಸಣ್ಣ ಕಪ್ಲರ್ ಇರುತ್ತದೆ. ಅದು ಸವೆದರೆ ಐಡಲ್‌ನಲ್ಲಿ ಥೇಟ್ ರಾಡ್ ಬೇರಿಂಗ್ ಹೋದ ಹಾಗೆಯೇ ಸದ್ದು ಮಾಡುತ್ತದೆ. ನಿಮ್ಮ ಎಂಜಿನ್‌ನಲ್ಲಿ ಸೂಪರ್‌ಚಾರ್ಜರ್‌ಗೆ ಬೇರೆಯದೇ ಬೆಲ್ಟ್ ಇದೆ. ಅದನ್ನು ತೆಗೆದು ಅರ್ಧ ನಿಮಿಷ ಐಡಲ್‌ನಲ್ಲಿ ಬಿಡಿ. ಸದ್ದು ನಿಂತರೆ ತಪ್ಪು ಮೇಲಿದೆ, ಕೆಳಗಲ್ಲ. ಬೇರೆ ಎಂಜಿನ್ ಇರುವವರು ಇದನ್ನು ಮಾಡುವಾಗ ಹುಷಾರು. ಮೊದಲ ತಲೆಮಾರಿನ ಮಿನಿ ಕೂಪರ್ ಎಸ್‌ನಲ್ಲಿ ವಾಟರ್ ಪಂಪ್ ತಿರುಗುವುದೇ ಸೂಪರ್‌ಚಾರ್ಜರ್‌ನ ಹಿಂಬದಿಯ ಗೇರಿನಿಂದ. ಬೆಲ್ಟ್ ತೆಗೆದರೆ ನೀರೂ ನಿಲ್ಲುತ್ತದೆ.

ಸದ್ದು ಹಾಗೇ ಇದ್ದರೆ ಆಯಿಲ್ ಫಿಲ್ಟರ್ ಬಿಚ್ಚಿ, ಡಬ್ಬಿ ಕತ್ತರಿಸಿ, ಒಳಗಿನ ಕಾಗದವನ್ನು ಬಿಡಿಸಿ ಬೆಳಕಿಗೆ ಹಿಡಿಯಿರಿ. ಮಿನುಗುವ ಚೂರುಗಳಿದ್ದರೆ ಬೇರಿಂಗ್ ಹೋಗಿದೆ. ತಾಮ್ರದ ಬಣ್ಣ ಕಂಡರೆ ಬೇರಿಂಗಿನ ಮೇಲ್ಪದರ ಪೂರ್ತಿ ಸವೆದು ಒಳಪದರ ಬಂದಿದೆ ಅಂತ. ಆಯಿಲ್ ಪ್ರೆಷರನ್ನು ಡ್ಯಾಶ್‌ಬೋರ್ಡಿನ ಮುಳ್ಳು ನಂಬಿ ಹೇಳಬೇಡಿ. ಸೆನ್ಸರ್ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಹಾಕಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ನೋಡಿ. ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಅನ್ನುವುದು ಹಳೆಯ ಅಂದಾಜು, ಇವತ್ತಿಗೂ ಉಪಯೋಗಕ್ಕೆ ಬರುತ್ತದೆ.

ಕಂಪ್ರೆಷನ್ ಪರೀಕ್ಷೆಯನ್ನು ಮತ್ತೆ ಮಾಡಿ. ಎಲ್ಲ ಪ್ಲಗ್ ತೆಗೆದಿರಲಿ, ಥ್ರಾಟಲ್ ಪೂರ್ತಿ ತೆರೆದಿರಲಿ, ಬ್ಯಾಟರಿ ತುಂಬಿರಲಿ. ಸೂಪರ್‌ಚಾರ್ಜ್ಡ್ ಎಂಜಿನ್‌ನ ರೇಷಿಯೋ ಕಮ್ಮಿ ಇರುವುದರಿಂದ ಸಾಮಾನ್ಯ ಎಂಜಿನ್‌ಗಿಂತ ಅಂಕಿ ಕಮ್ಮಿ ಬರುವುದು ಸಹಜ. ನೋಡಬೇಕಾದದ್ದು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ. ಅತಿ ಕಮ್ಮಿ ಇರುವುದು ಅತಿ ಜಾಸ್ತಿ ಇರುವುದರ ಮುಕ್ಕಾಲು ಪಾಲಾದರೂ ಇರಬೇಕು. ಅಲ್ಲಿಗೇ ನಿಲ್ಲಬೇಡಿ, ಲೀಕ್‌ಡೌನ್ ಪರೀಕ್ಷೆಯನ್ನೂ ಮಾಡಿ. ಪಿಸ್ಟನ್ನನ್ನು ಮೇಲಿನ ತುದಿಗೆ ತಂದಿಟ್ಟು, ಎರಡೂ ವಾಲ್ವ್ ಮುಚ್ಚಿರುವಾಗ ಪ್ಲಗ್ ತೂತಿನಿಂದ ಗಾಳಿ ಬಿಡುವುದು. ಗಾಳಿ ಎಲ್ಲಿಂದ ಸೋರುತ್ತಿದೆ ಅಂತ ಕಿವಿಯೇ ಹೇಳುತ್ತದೆ. ಆಯಿಲ್ ಹಾಕುವ ಬಾಯಿಯಲ್ಲಿ ಬುಸ್ ಅಂದರೆ ರಿಂಗ್ ಅಥವಾ ಪಿಸ್ಟನ್. ಸೈಲೆನ್ಸರ್ ಕಡೆ ಕೇಳಿಸಿದರೆ ಎಕ್ಸಾಸ್ಟ್ ವಾಲ್ವ್. ಥ್ರಾಟಲ್ ಕಡೆಯಾದರೆ ಇನ್‌ಟೇಕ್ ವಾಲ್ವ್. ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್‌ನಲ್ಲಿ ಬಿರುಕು. ತೊಂದರೆ ಬರೀ ವಾಲ್ವ್ ಆಗಿದ್ದು, ಆಯಿಲ್ ಪ್ರೆಷರ್ ಚೆನ್ನಾಗಿದ್ದರೆ, ಕೆಳಭಾಗವನ್ನು ಮುಟ್ಟಬೇಡಿ. ಹೆಡ್ ಕೆಲಸ ಮಾಡಿಸಿ ಮುಗಿಸಿ.

ಇರಲಿ, ಪಿಸ್ಟನ್ನೇ ಹೋಗಿದೆ ಅಂದುಕೊಳ್ಳೋಣ. ಬಿಚ್ಚುವಾಗ ಪ್ರತಿ ಭಾಗವನ್ನೂ ಸಿಲಿಂಡರ್ ನಂಬರ್ ಬರೆದು ಇಡಿ, ಫೋಟೋ ತೆಗೆಯಿರಿ. ಒಡೆದ ಭಾಗಗಳನ್ನು ತಕ್ಷಣ ಎಸೆಯಬೇಡಿ. ಹೇಗೆ ಒಡೆದಿದೆ ಅನ್ನುವುದರಲ್ಲೇ ಕಾರಣ ಇದೆ. ರಿಂಗಿನ ಅಂಚು ಚೂರಾಗಿ, ಪಿಸ್ಟನ್ನಿನ ತಲೆಯ ಅಂಚು ಮರಳು ಬಡಿದ ಹಾಗೆ ತರಿತರಿಯಾಗಿದ್ದರೆ ನಾಕಿಂಗ್. ಪಿಸ್ಟನ್ನಿನ ನಡುವೆ ಕರಗಿ ತೂತಾಗಿದ್ದರೆ ಸ್ಪಾರ್ಕ್‌ಗೆ ಮೊದಲೇ ಉರಿ ಹತ್ತಿದೆ. ಒಂದೇ ಪಿಸ್ಟನ್ ತೊಳೆದ ಹಾಗೆ ಶುಭ್ರವಾಗಿದ್ದರೆ ಅಲ್ಲಿಗೆ ಕೂಲೆಂಟ್ ಹೋಗುತ್ತಿತ್ತು. ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಸಣ್ಣ ಬೆಳ್ಳಿಯ ಚುಕ್ಕಿಗಳಿದ್ದರೆ ಅದು ಪಿಸ್ಟನ್ನಿಂದ ಎದ್ದ ಅಲ್ಯೂಮಿನಿಯಂ. ಒಂದೇ ಸಿಲಿಂಡರ್ ಕೆಟ್ಟಿದ್ದರೆ ಅದರ ಇಂಜೆಕ್ಟರನ್ನು ಬೇರೆ ಎತ್ತಿಡಿ, ಅದನ್ನು ಪರೀಕ್ಷೆ ಮಾಡಿಸಲೇಬೇಕು. ಕಾರಣ ಸಿಗುವ ತನಕ ಹೊಸ ಭಾಗ ತರಬೇಡಿ. ಕಾರಣ ಹಾಗೇ ಉಳಿದರೆ ಹೊಸ ಪಿಸ್ಟನ್ನೂ ಅದೇ ದಾರಿ ಹಿಡಿಯುತ್ತದೆ.

ಈಗ ಅಳತೆ. ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಬೇಕು. ಪ್ರತಿ ಕಡೆಯೂ ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ. ಕ್ರ್ಯಾಂಕಿನ ಪ್ರತಿ ಜರ್ನಲ್ಲನ್ನೂ (ಬೇರಿಂಗಿನೊಳಗೆ ತಿರುಗುವ ನುಣುಪು ಭಾಗ) ಹಾಗೆಯೇ. ನಿಮ್ಮ ಹತ್ತಿರ ಡಯಲ್ ಬೋರ್ ಗೇಜ್, ಮೈಕ್ರೋಮೀಟರ್ ಇಲ್ಲದಿದ್ದರೆ ಮೆಷಿನ್ ಶಾಪ್‌ನಲ್ಲಿ ಅಳೆಸಿ. "ಚೆನ್ನಾಗಿದೆ" ಅನ್ನುವ ಮಾತು ಸಾಲದು, ಅಂಕಿಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಆ ಕಾಗದವನ್ನು ನಿಮ್ಮ ಎಂಜಿನ್‌ನ ಸರ್ವಿಸ್ ಮ್ಯಾನ್ಯುಯಲ್ ಜೊತೆ ಹೋಲಿಸಿ. ಪಿಸ್ಟನ್ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲಿ.

ಸಿಲಿಂಡರ್ ಮಿತಿಯೊಳಗಿದೆ, ಗೀರು ಇಲ್ಲ, ಒಂದೇ ಪಿಸ್ಟನ್ ಒಡೆದಿದೆ ಅಂದರೆ, ಅದೇ ತೂಕದ ಕಂಪನಿ ಪಿಸ್ಟನ್ ಒಂದನ್ನು ತನ್ನಿ. ಎಲ್ಲ ಸಿಲಿಂಡರ್‌ಗೂ ಹೋನಿಂಗ್ (ಒಳಗೋಡೆಯನ್ನು ಕಲ್ಲಿನಿಂದ ಸಣ್ಣಗೆ ಉಜ್ಜುವುದು) ಮಾಡಿಸಿ, ಹೊಸ ರಿಂಗ್ ಹಾಕಿ. ಉಳಿದ ಐದು ಪಿಸ್ಟನ್‌ಗಳ ರಿಂಗ್ ಅಂಚುಗಳನ್ನು ಭೂತಗನ್ನಡಿ ಹಿಡಿದು ನೋಡಬೇಕು. ಬಿರುಕು ಹುಡುಕುವ ಬಣ್ಣದ ದ್ರವ ಸಿಗುತ್ತದೆ, ಅದನ್ನು ಬಳಿದು ನೋಡಿದರೆ ಇನ್ನೂ ಒಳ್ಳೆಯದು. ಒಂದನ್ನು ಒಡೆದ ನಾಕಿಂಗ್ ಪಕ್ಕದ್ದರಲ್ಲೂ ಕೂದಲೆಳೆಯ ಬಿರುಕು ಬಿಟ್ಟಿರಬಹುದು.

ಸಿಲಿಂಡರ್ ಗೀರು ಬಿದ್ದಿದೆ, ಅಥವಾ ಸವೆದು ಮಿತಿ ದಾಟಿದೆ ಅಂದರೆ ಲೆಕ್ಕ ಬೇರೆ. ಆಗ ಬೋರ್ ಮಾಡಿಸಲೇಬೇಕು, ಅಂದರೆ ಸಿಲಿಂಡರನ್ನು ಕೊರೆದು ದೊಡ್ಡದು ಮಾಡಿಸಬೇಕು, ಆರು ಓವರ್‌ಸೈಜ್ ಪಿಸ್ಟನ್ ತರಲೇಬೇಕು. ಹೇಗೂ ಆರು ಪಿಸ್ಟನ್ ಕೊಳ್ಳುತ್ತಿದ್ದೀರಿ ಅಂದಮೇಲೆ ಫೋರ್ಜ್ಡ್ ತಗೊಳ್ಳುವುದರಲ್ಲಿ ಅರ್ಥ ಇದೆ. ಕಂಪನಿಯ ಎರಕದ ಪಿಸ್ಟನ್‌ನಲ್ಲಿ ಸಿಲಿಕಾನ್ ಜಾಸ್ತಿ. ಸವೆತ ತಡೆಯುತ್ತದೆ, ಬಿಸಿಗೆ ಕಮ್ಮಿ ಹಿಗ್ಗುತ್ತದೆ, ಆದರೆ ನಾಕಿಂಗ್ ಬಡಿದರೆ ಮುರಿಯುತ್ತದೆ. ಫೋರ್ಜ್ಡ್ ಆ ಹೊಡೆತ ಒಂದಷ್ಟು ತಾಳುತ್ತದೆ. ಫೋರ್ಜ್ಡ್‌ನಲ್ಲಿ ಎರಡು ಮಿಶ್ರಲೋಹ ಸಾಮಾನ್ಯ: 4032 ಮತ್ತು 2618. ರಸ್ತೆಯ ಕಾರಿಗೆ 4032 ಸಾಕು. 2618 ಇನ್ನೂ ಗಟ್ಟಿ, ಆದರೆ ಜಾಸ್ತಿ ಹಿಗ್ಗುತ್ತದೆ. ಹಾಗಾಗಿ ಸಿಲಿಂಡರ್ ಜೊತೆ ಜಾಸ್ತಿ ಸಂದು ಬೇಕು, ತಣ್ಣಗಿರುವಾಗ ಸದ್ದು ಮಾಡುತ್ತದೆ. ಇನ್ನೊಂದು ಖರ್ಚು ಬಹಳ ಜನರ ಲೆಕ್ಕಕ್ಕೆ ಬರುವುದೇ ಇಲ್ಲ. ವಿ ಆಕಾರದ ಎಂಜಿನ್‌ನಲ್ಲಿ ಕ್ರ್ಯಾಂಕಿನ ಸಮತೂಕ ಪಿಸ್ಟನ್, ರಾಡ್ ತೂಕದ ಮೇಲೆ ನಿಂತಿದೆ. ಪಿಸ್ಟನ್ ತೂಕ ಬದಲಾದರೆ ಕ್ರ್ಯಾಂಕನ್ನು ಮತ್ತೆ ಬ್ಯಾಲೆನ್ಸ್ ಮಾಡಿಸಬೇಕು. ಫೋರ್ಜ್ಡ್ ಪಿಸ್ಟನ್ನಿನ ಬೆಲೆ ಕೇಳುವಾಗ ಬ್ಯಾಲೆನ್ಸಿಂಗ್ ಖರ್ಚನ್ನೂ ಸೇರಿಸಿಕೊಂಡು ಕೇಳಿ.

ಕಬ್ಬಿಣದ ಬ್ಲಾಕ್ ಇರುವುದು ನಿಮಗೆ ದೊಡ್ಡ ಅನುಕೂಲ. ಯಾವ ಮೆಷಿನ್ ಶಾಪ್ ಬೇಕಾದರೂ ಬೋರ್ ಮಾಡುತ್ತದೆ. ಮೊದಮೊದಲ ಜಾಗ್ವಾರ್ ಎಕ್ಸ್‌ಕೆಆರ್ ವಿ8 ತರಹದ ನಿಕಾಸಿಲ್ ಲೇಪದ ಸಿಲಿಂಡರ್ ಇರುವವರಿಗೆ ಈ ಭಾಗ್ಯ ಇಲ್ಲ. ಅಲ್ಲಿ ಬೋರ್ ಮಾಡಿದರೆ ಲೇಪವೇ ಹೋಗುತ್ತದೆ, ಮತ್ತೆ ಲೇಪ ಮಾಡಿಸಬೇಕು.

ಅಳತೆ ಕೈಗೆ ಬಂದ ದಿನವೇ ಇನ್ನೊಂದು ಲೆಕ್ಕ ಹಾಕಿ. ಬೋರ್, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಮೂರೂ ಬೇಕು ಅಂತಾದರೆ, ಅಪಘಾತವಾದ ಕಾರಿನಿಂದ ತೆಗೆದ ಒಳ್ಳೆಯ ಎಂಜಿನ್ ಅದಕ್ಕಿಂತ ಅಗ್ಗವಾಗಿ ಸಿಗಬಹುದು. ಹಾಗೆ ತಂದರೂ ಸಂಪ್ ಬಿಚ್ಚಿ ಒಂದೆರಡು ಬೇರಿಂಗ್ ನೋಡಿ, ಸೀಲ್ ಮತ್ತು ಗ್ಯಾಸ್ಕೆಟ್ ಬದಲಿಸಿ. ನಿಮ್ಮದೇ ಎಂಜಿನ್ ಉಳಿಸಬೇಕು ಅನ್ನುವ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಕ್ರ್ಯಾಂಕ್, ಬ್ಲಾಕ್ ಎರಡೂ ಕೆಟ್ಟಿರುವಾಗ ಕಮ್ಮಿ ದುಡ್ಡಿನಲ್ಲಿ ಆ ಆಸೆ ತೀರುವುದು ಕಷ್ಟ.

ರಿಂಗಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಒಂದು ಅರದ ಬೆಲೆಗೆ ಎಂಜಿನ್ ಉಳಿಸುವ ಕೆಲಸ ಇದು. ರಿಂಗಿನ ಎರಡು ತುದಿಗಳ ನಡುವೆ ಸಂದು ಇರಬೇಕು. ಬೂಸ್ಟ್ ಇರುವ ಎಂಜಿನ್‌ನಲ್ಲಿ ರಿಂಗ್ ಜಾಸ್ತಿ ಕಾಯುತ್ತದೆ, ಜಾಸ್ತಿ ಹಿಗ್ಗುತ್ತದೆ. ಸಂದು ಸಾಲದಿದ್ದರೆ ತುದಿಗಳು ಒಂದಕ್ಕೊಂದು ತಾಗುತ್ತವೆ. ಆಮೇಲೆ ಹಿಗ್ಗಲು ಜಾಗ ಇಲ್ಲದೆ ರಿಂಗ್ ಸಿಲಿಂಡರನ್ನು ಕೆರೆಯುತ್ತದೆ, ಪಿಸ್ಟನ್ನಿನ ಅಂಚನ್ನೇ ಕಿತ್ತು ಎತ್ತುತ್ತದೆ. ನೋಡಲು ನಾಕಿಂಗ್‌ನಿಂದ ಒಡೆದ ಹಾಗೆಯೇ ಇರುತ್ತದೆ. ರಿಂಗಿನ ತುದಿಗಳು ಉಜ್ಜಿ ಹೊಳೆಯುತ್ತಿದ್ದರೆ ತಾಗಿವೆ ಅಂತ ತಿಳಿಯಿರಿ.

ಬೂಸ್ಟ್ ಇಲ್ಲದ ಎಂಜಿನ್‌ಗೆ ಮೇಲಿನ ರಿಂಗಿನ ಸಂದು ಸಿಲಿಂಡರ್ ವ್ಯಾಸದ 0.004 ಪಟ್ಟು ಇದ್ದರೆ ಸಾಮಾನ್ಯವಾಗಿ ಸಾಕು. ಹದವಾದ ಬೂಸ್ಟ್‌ಗೆ 0.005 ಪಟ್ಟು. ನಿಮ್ಮ ಸಿಲಿಂಡರ್ 96.5 ಮಿಲಿಮೀಟರ್, ಅಂದರೆ ಸುಮಾರು 0.48 ಮಿಲಿಮೀಟರ್. ಎರಡನೆಯ ರಿಂಗಿಗೆ ಅಷ್ಟೇ ಅಥವಾ ಕೂದಲೆಳೆಯಷ್ಟು ಜಾಸ್ತಿ. ಪಿಸ್ಟನ್ ಮಾಡಿದವರು ಬೇರೆ ಅಂಕಿ ಕೊಟ್ಟಿದ್ದರೆ ಅವರ ಮಾತೇ ಕೊನೆ. ರಿಂಗನ್ನು ಅದೇ ಸಿಲಿಂಡರಿಗೆ ಇಳಿಸಿ, ಪಿಸ್ಟನ್ನಿನ ತಲೆಯಿಂದ ನೇರವಾಗಿ ಒಂದು ಇಂಚು ಕೆಳಗೆ ತಳ್ಳಿ, ಫೀಲರ್ ಗೇಜ್‌ನಲ್ಲಿ ಅಳೆಯಿರಿ. ಕಮ್ಮಿ ಇದ್ದರೆ ಒಂದೇ ತುದಿಯನ್ನು ಹೊರಗಿನಿಂದ ಒಳಗೆ ಅರ ಹಾಕಿ. ಸ್ವಲ್ಪ ಉಜ್ಜಿ, ಮತ್ತೆ ಅಳೆಯಿರಿ. ಸಂದು ಒಂದಿಷ್ಟು ಜಾಸ್ತಿಯಾದರೆ ಶಕ್ತಿ ಚೂರು ಸೋರುತ್ತದೆ, ಅಷ್ಟೇ. ಕಮ್ಮಿಯಾದರೆ ಪಿಸ್ಟನ್ ಹೋಗುತ್ತದೆ.

ಬೇರಿಂಗ್‌ಗಳನ್ನು ಎಲ್ಲವನ್ನೂ ಹೊಸದು ಹಾಕಿ, ಇಲ್ಲಿ ಉಳಿತಾಯ ಬೇಡ. ಪ್ರತಿ ಜರ್ನಲ್‌ನ ಸಂದನ್ನು ಪ್ಲಾಸ್ಟಿಗೇಜ್ (ಒತ್ತಿ ಚಪ್ಪಟೆಯಾದಾಗ ಸಂದು ತೋರಿಸುವ ಪ್ಲಾಸ್ಟಿಕ್ ಎಳೆ) ಇಟ್ಟು ನೋಡಿ. ವ್ಯಾಸದ ಸಾವಿರದ ಒಂದು ಭಾಗ ಅನ್ನುವುದು ಅಂದಾಜಿನ ಸೂತ್ರ. 57 ಮಿಲಿಮೀಟರ್ ಜರ್ನಲ್‌ಗೆ 0.057 ಮಿಲಿಮೀಟರ್ ಹತ್ತಿರ. ಮ್ಯಾನ್ಯುಯಲ್‌ನ ಮಿತಿಯನ್ನು ಮಾತ್ರ ದಾಟಬೇಡಿ. ಕ್ರ್ಯಾಂಕ್‌ನಲ್ಲಿ ಉಗುರಿಗೆ ಸಿಗದ ಗೀರುಗಳಿದ್ದರೆ ಪಾಲಿಶ್ ಸಾಕು. ಉಗುರು ಸಿಕ್ಕಿಕೊಂಡರೆ ಗ್ರೈಂಡ್ ಮಾಡಿಸಿ ಅಂಡರ್‌ಸೈಜ್ ಬೇರಿಂಗ್ ಹಾಕಬೇಕು, ಅಥವಾ ಅಳತೆ ಸರಿ ಇರುವ ಹಳೆಯ ಕ್ರ್ಯಾಂಕ್ ಹುಡುಕಬೇಕು. ಎರಡನೆಯದು ಎಷ್ಟೋ ಸಲ ಅಗ್ಗ. ಹಳೆಯ ರಾಡ್‌ಗಳು ನೇರವಾಗಿದ್ದು ದೊಡ್ಡ ತೂತು ಗುಂಡಗಿದ್ದರೆ ಹೊಸ ಬೋಲ್ಟ್ ಹಾಕಿ ಅವನ್ನೇ ಬಳಸಿ. ಒಂದು ರಾಡ್‌ನ ಟೋಪಿ (ಬೋಲ್ಟ್‌ನಿಂದ ಕೂರುವ ಕೆಳಗಿನ ಅರ್ಧ) ಇನ್ನೊಂದಕ್ಕೆ ಹೋಗಬಾರದು, ಹಿಂದುಮುಂದೂ ಆಗಬಾರದು.

ಹೆಡ್‌ಗಳನ್ನು ಮೊದಲು ಪ್ರೆಷರ್ ಟೆಸ್ಟ್ ಮಾಡಿಸಿ, ಬಿರುಕಿದ್ದರೆ ಮುಂದಿನ ಖರ್ಚೆಲ್ಲ ದಂಡ. ಗೈಡ್ ಸವೆದಿಲ್ಲದಿದ್ದರೆ ವಾಲ್ವ್ ಲ್ಯಾಪಿಂಗ್ (ವಾಲ್ವನ್ನು ಅದರ ಸೀಟಿಗೆ ಉಜ್ಜಿ ಹೊಂದಿಸುವುದು) ನೀವೇ ಮಾಡಬಹುದು. ವಾಲ್ವ್ ಕೂರಿಸಿ, ಪೋರ್ಟಿಗೆ ಸೀಮೆಎಣ್ಣೆ ಸುರಿದು, ಆಚೆ ಒಸರುತ್ತದಾ ನೋಡಿ. ತುದಿಯ ಅಂಚು ತೆಳ್ಳಗಾದ ಎಕ್ಸಾಸ್ಟ್ ವಾಲ್ವ್‌ಗಳನ್ನು ಬದಲಿಸಿ. ಸ್ಟೆಮ್ ಸೀಲ್ ಎಲ್ಲ ಹೊಸದು. ವಾಲ್ವ್ ಸ್ಪ್ರಿಂಗ್‌ನ ಬಲವನ್ನು ಅಳೆಸುವುದು ಸೂಪರ್‌ಚಾರ್ಜ್ಡ್ ಎಂಜಿನ್‌ನಲ್ಲಿ ಮುಖ್ಯ. ಬೂಸ್ಟ್ ಇನ್‌ಟೇಕ್ ವಾಲ್ವ್‌ನ ಬೆನ್ನ ಮೇಲೆ ಒತ್ತುತ್ತದೆ. 45 ಮಿಲಿಮೀಟರ್ ವಾಲ್ವ್, 8 ಪಿಎಸ್‌ಐ ಅಂದರೆ ಸುಮಾರು 9 ಕಿಲೋ ಭಾರ. ಅಷ್ಟೂ ಸ್ಪ್ರಿಂಗ್‌ನ ಲೆಕ್ಕದಿಂದ ಕಳೆದುಹೋಗುತ್ತದೆ. ದಣಿದ ಸ್ಪ್ರಿಂಗ್ ಆಗ ವಾಲ್ವನ್ನು ಬಿಗಿಯಾಗಿ ಕೂರಿಸುವುದಿಲ್ಲ.

ಹೆಡ್ ಫೇಸಿಂಗ್ (ಹೆಡ್‌ನ ತಳವನ್ನು ಸವರಿ ಸಮತಟ್ಟು ಮಾಡುವುದು) ಎಷ್ಟು ಬೇಕೋ ಅಷ್ಟೇ ಮಾಡಿಸಿ. ಸಾಮಾನ್ಯ ಎಂಜಿನ್‌ನಲ್ಲಿ ರೇಷಿಯೋ ಏರಿದರೆ ಲಾಭ, ಇಲ್ಲಿ ನಾಕಿಂಗ್ ಹತ್ತಿರ ಬರುತ್ತದೆ. ನಿಮ್ಮ ಎಂಜಿನ್‌ನಲ್ಲಿ 0.25 ಮಿಲಿಮೀಟರ್ ತೆಗೆದರೆ 8.5 ಇದ್ದದ್ದು ಹೆಚ್ಚೆಂದರೆ 8.67 ಆಗುತ್ತದೆ. ಅಷ್ಟರಲ್ಲಿ ಮುಳುಗುವುದಿಲ್ಲ, ಆದರೆ "ಇನ್ನೊಂದು ಸಲ ಸವರಿಬಿಡೋಣ" ಅಂದರೆ ಬೇಡ ಅನ್ನಿ. ಪದರಪದರದ ಸ್ಟೀಲ್ ಗ್ಯಾಸ್ಕೆಟ್ ಒಳ್ಳೆಯದೇ, ಆದರೆ ಅದಕ್ಕೆ ಹೆಡ್ ಮತ್ತು ಬ್ಲಾಕ್ ಎರಡೂ ಬಹಳ ನುಣುಪಾಗಿರಬೇಕು. ಬ್ಲಾಕಿನ ಮೇಲ್ಭಾಗವನ್ನು ಮೆಷಿನ್‌ಗೆ ಕೊಡುತ್ತಿಲ್ಲ ಅಂದರೆ, ಕಂಪನಿ ಬೂಸ್ಟ್‌ಗೆ ಒಳ್ಳೆಯ ಕಾಂಪೋಸಿಟ್ ಗ್ಯಾಸ್ಕೆಟ್ಟೇ ಸರಿ. ಹೆಡ್ ಬೋಲ್ಟ್‌ಗಳು ಬಿಗಿದಾಗ ಎಳೆದುಕೊಳ್ಳುವ ಜಾತಿಯವು. ಒಂದು ಸಲ ಬಿಚ್ಚಿದರೆ ಮತ್ತೆ ಹಾಕಬಾರದು, ಹೊಸದು ತನ್ನಿ. ಬೋಲ್ಟ್ ತೂತಿನ ತಳದಲ್ಲಿ ಆಯಿಲ್, ನೀರು ನಿಂತಿರಬಾರದು. ಬಿಗಿಯುವಾಗ ದ್ರವಕ್ಕೆ ಹೋಗಲು ಜಾಗ ಇಲ್ಲದೆ ಬ್ಲಾಕೇ ಸೀಳಬಹುದು.

ಇನ್ನು ಸೂಪರ್‌ಚಾರ್ಜರ್. ಇದನ್ನು ಒರೆಸಿ ವಾಪಸ್ ಕೂರಿಸುವವರೇ ಜಾಸ್ತಿ. ಅದರ ಮೂತಿಯ ಗೇರುಗಳಿಗೆ ಬೇರೆಯದೇ ಆಯಿಲ್ ಇರುತ್ತದೆ, ಎಂಜಿನ್ ಆಯಿಲ್ ಅಲ್ಲಿಗೆ ಹೋಗುವುದಿಲ್ಲ, ಹಾಕಲೂಬಾರದು. ಹಳೆಯದನ್ನು ತೆಗೆದು ಬಣ್ಣ, ವಾಸನೆ, ಲೋಹದ ಪುಡಿ ನೋಡಿ. ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ, ಗರಗರ ಅಂದರೆ ಮುಂದಿನ ಬೇರಿಂಗ್ ಹೋಗಿದೆ. ಕಪ್ಲರ್, ಮೂತಿಯ ಬೇರಿಂಗ್, ಸೀಲ್ ಇವನ್ನು ಹೇಗೂ ಬಿಚ್ಚಿದಾಗ ಬದಲಿಸಿ, ಕಮ್ಮಿ ಖರ್ಚಿನ ಕೆಲಸ. ಆದರೆ ರೋಟರ್‌ಗಳ ಟೈಮಿಂಗ್ ಗೇರುಗಳನ್ನು ಮುಟ್ಟಬೇಡಿ. ಅವು ಶಾಫ್ಟಿಗೆ ಒತ್ತಿ ಕೂರಿಸಿದವು. ಚೂರು ಜರುಗಿದರೂ ರೋಟರ್‌ಗಳು ಒಂದಕ್ಕೊಂದು ತಾಗುತ್ತವೆ. ರೋಟರ್ ಮೇಲಿನ ಲೇಪ ಅಲ್ಲಲ್ಲಿ ಎದ್ದಿದ್ದರೆ ಚಿಂತೆ ಇಲ್ಲ. ಲೋಹಕ್ಕೆ ಲೋಹ ಉಜ್ಜಿದ ಗುರುತಿದ್ದರೆ ಮಾತ್ರ ಬೇರೆ ಸೂಪರ್‌ಚಾರ್ಜರ್ ಹುಡುಕಿ. ಪಿಸ್ಟನ್ ಒಡೆದ ಎಂಜಿನ್‌ನಲ್ಲಿ ಚೂರುಗಳು ಇನ್‌ಟೇಕ್ ಕಡೆಗೂ ಎಗರಿರಬಹುದು, ಮ್ಯಾನಿಫೋಲ್ಡನ್ನು ಒಳಗಿನಿಂದ ತೊಳೆಯದೆ ಹಾಕಬೇಡಿ.

ಬೂಸ್ಟ್ ಬೇಡದಾಗ ಗಾಳಿಯನ್ನು ಸೂಪರ್‌ಚಾರ್ಜರ್ ಸುತ್ತ ತಿರುಗಿಸುವ ಬೈಪಾಸ್ ವಾಲ್ವ್ ನೋಡುವುದಕ್ಕೆ ಖರ್ಚೇ ಇಲ್ಲ. ಐಡಲ್‌ನಲ್ಲಿ ವ್ಯಾಕ್ಯೂಮ್ ಅದನ್ನು ತೆರೆದಿಡುತ್ತದೆ, ಗಾಳಿ ಒಳಗೇ ಸುತ್ತುತ್ತದೆ. ಕಾಲು ಒತ್ತಿದಾಗ ಸ್ಪ್ರಿಂಗ್ ಮುಚ್ಚುತ್ತದೆ. ಅದು ಮುಚ್ಚಿಯೇ ಸಿಕ್ಕಿಕೊಂಡರೆ ನಿಧಾನಕ್ಕೆ ಹೋಗುವಾಗಲೂ ಸೂಪರ್‌ಚಾರ್ಜರ್ ಸುಮ್ನೆ ಬಿಸಿಯಾಗುತ್ತಿರುತ್ತದೆ. ಕೈ ವ್ಯಾಕ್ಯೂಮ್ ಪಂಪ್ ಹಚ್ಚಿ, ಸಲೀಸಾಗಿ ಆಡುತ್ತದಾ, ಹಿಡಿದು ನಿಲ್ಲುತ್ತದಾ ನೋಡಿ.

ಪಿಸಿವಿ ವಾಲ್ವ್ (ಕ್ರ್ಯಾಂಕ್‌ಕೇಸಿನ ಹಬೆಯನ್ನು ಇನ್‌ಟೇಕ್‌ಗೆ ಬಿಡುವ ವಾಲ್ವ್) ಹೊಸದು ಹಾಕಿ. ಅದು ಕೆಟ್ಟರೆ ಬೂಸ್ಟ್ ಕ್ರ್ಯಾಂಕ್‌ಕೇಸಿಗೆ ನುಗ್ಗಿ ಸೀಲ್‌ಗಳಿಂದ ಆಯಿಲ್ ಹೊರಗೆ ತಳ್ಳುತ್ತದೆ. ಇನ್‌ಟೇಕ್‌ಗೆ ಹೋಗುವ ಆಯಿಲ್ ಹಬೆ ಪೆಟ್ರೋಲಿನ ನಾಕಿಂಗ್ ತಾಳುವ ಶಕ್ತಿಯನ್ನೂ ಇಳಿಸುತ್ತದೆ. ಈ ಎಂಜಿನ್‌ನ ಪ್ಲಾಸ್ಟಿಕ್ ಕೂಲೆಂಟ್ ಮೊಣಕೈಗಳು ಹಳತಾದಂತೆ ಪುಡಿಯಾಗುತ್ತವೆ. ಲೋಹದ್ದು ಸಿಗುತ್ತದೆ, ಅದನ್ನೇ ಹಾಕಿ.

ಆರೂ ಇಂಜೆಕ್ಟರ್‌ಗಳನ್ನು ತೊಳೆಸಿ, ಎಷ್ಟು ಪೆಟ್ರೋಲ್ ಬಿಡುತ್ತವೆ ಅಂತ ಅಳೆಸಿ. 240 ಹಾರ್ಸ್‌ಪವರ್‌ಗೆ ಒಂದೊಂದೂ ಸುಮಾರು 315 ಸಿಸಿ ಪ್ರತಿ ನಿಮಿಷ ಕೊಡುವ ತಾಕತ್ತು ಇರಬೇಕು. ಅದಕ್ಕಿಂತ ಮುಖ್ಯ, ಆರೂ ಒಂದೇ ಸಮ ಇರಬೇಕು. ಫ್ಯೂಯಲ್ ಪ್ರೆಷರನ್ನು ಐಡಲ್‌ನಲ್ಲಿ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಪೂರ್ತಿ ಬೂಸ್ಟ್‌ನಲ್ಲಿ ನಿಲ್ಲುತ್ತದಾ ಅನ್ನುವುದೇ ಪ್ರಶ್ನೆ. ಫೋರ್ಜ್ಡ್ ರಾಡ್‌ಗೆ ಇಟ್ಟ ದುಡ್ಡಿನಲ್ಲಿ ಒಂದು ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ (ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ಸೆನ್ಸರ್) ಕೊಳ್ಳಿ ಅಂತ ನಾನು ಒತ್ತಿ ಹೇಳುತ್ತೇನೆ. ಬೂಸ್ಟ್‌ನಲ್ಲಿ ಗಾಳಿ ಮತ್ತು ಪೆಟ್ರೋಲಿನ ಅನುಪಾತ 11.5ರಿಂದ 12ರ ಒಳಗೆ ಇರಬೇಕು. 13ರ ಕಡೆ ಹೋಗುತ್ತಿದ್ದರೆ ಕಾಲು ತೆಗೆಯಿರಿ. ಜೊತೆಗೆ ಸ್ಕ್ಯಾನರ್‌ನಲ್ಲಿ ನಾಕ್ ರಿಟಾರ್ಡ್, ಅಂದರೆ ನಾಕಿಂಗ್ ಕಂಡು ಕಂಪ್ಯೂಟರ್ ಸ್ಪಾರ್ಕನ್ನು ತಡ ಮಾಡಿದ್ದು, ಎಷ್ಟು ಡಿಗ್ರಿ ಅಂತ ಕಾಣುತ್ತದೆ. ಈ ಎರಡು ಅಂಕಿ ಕಣ್ಣೆದುರಿಗಿದ್ದರೆ ಪಿಸ್ಟನ್ ಒಡೆಯುವ ಮೊದಲೇ ನಿಮಗೆ ಗೊತ್ತಾಗುತ್ತದೆ.

ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮರೆಯಬೇಡಿ. ತಿಂಗಳುಗಟ್ಟಲೆ ಆಯಿಲ್ ಸುಟ್ಟ ಎಂಜಿನ್‌ನಲ್ಲಿ ಅದರ ದಾರಿ ಕಟ್ಟಿಕೊಂಡಿರಬಹುದು. ಆಕ್ಸಿಜನ್ ಸೆನ್ಸರ್ ತೂತಿಗೆ ಗೇಜ್ ಹಾಕಿ ಹಿಮ್ಮುಖ ಒತ್ತಡ ನೋಡಿ. ಕಟ್ಟಿದ ಕನ್ವರ್ಟರ್ ಹಿಂದೆ ಹೊಸ ಎಂಜಿನ್ ಹಾಕಿದರೆ ಬಿಸಿ ಹೊರಹೋಗದೆ ಅದೂ ಕೆಡುತ್ತದೆ.

ದುಡ್ಡು ಬೇಡದ, ಆದರೆ ತಾಳ್ಮೆ ಬೇಡುವ ಕೆಲಸ ತೊಳೆಯುವುದು. ಮೆಷಿನ್ ಶಾಪ್‌ನಿಂದ ಬಂದ ಬ್ಲಾಕ್ "ತೊಳೆದಿದೆ" ಅಂದರೂ ನಂಬಬೇಡಿ. ಆಯಿಲ್ ದಾರಿಗಳ ಮುಚ್ಚಳ ಬಿಚ್ಚಿ, ಉದ್ದನೆಯ ಬ್ರಷ್ ಹಾಕಿ, ಬಿಸಿ ಸಾಬೂನು ನೀರಿನಲ್ಲಿ ಉಜ್ಜಿ. ಹೋನಿಂಗ್ ಪುಡಿ ಪೆಟ್ರೋಲಿನಲ್ಲಿ ಹೋಗುವುದಿಲ್ಲ, ಸಾಬೂನಿನಲ್ಲಿ ಹೋಗುತ್ತದೆ. ಸಿಲಿಂಡರ್ ಒಳಗೆ ಆಯಿಲ್ ಹಚ್ಚಿದ ಬಿಳಿ ಬಟ್ಟೆ ಆಡಿಸಿದರೆ ಬಟ್ಟೆ ಬೆಳ್ಳಗೇ ಬರಬೇಕು. ಅಲ್ಲಿಯವರೆಗೆ ಬಿಡಬೇಡಿ. ಆಮೇಲೆ ಒಣಗಿಸಿ ತಕ್ಷಣ ಆಯಿಲ್ ಸವರಿ, ಇಲ್ಲದಿದ್ದರೆ ಕಣ್ಣೆದುರೇ ತುಕ್ಕು ಹಿಡಿಯುತ್ತದೆ. ಬೇರಿಂಗ್ ಪುಡಿ ಹೊತ್ತ ಆಯಿಲ್ ಕೂಲರ್ ಇದ್ದರೆ ಬದಲಿಸಿ, ಅದನ್ನು ಪೂರ್ತಿ ತೊಳೆಯಲು ಆಗುವುದಿಲ್ಲ.

ಆಯಿಲ್ ಪಂಪ್ ನಿಮ್ಮ ಎಂಜಿನ್‌ನಲ್ಲಿ ಮುಂದಿನ ಕವರ್ ಒಳಗಿದೆ, ಕ್ರ್ಯಾಂಕ್ ಅದನ್ನು ತಿರುಗಿಸುತ್ತದೆ. ಕವರ್‌ನಲ್ಲಿ ಗೀರು ಬಿದ್ದಿದ್ದರೆ ಬದಲಿಸಿ. ಮುಚ್ಚುವ ಮೊದಲು ಗೇರಿನ ಸಂದಿಗೆ ಪೆಟ್ರೋಲಿಯಂ ಜೆಲ್ಲಿ ತುಂಬಿ, ಇಲ್ಲದಿದ್ದರೆ ಪಂಪ್ ಆಯಿಲ್ ಎಳೆಯಲು ತಡ ಮಾಡುತ್ತದೆ. ಮೊದಲ ಸಲ ಇಗ್ನಿಷನ್, ಫ್ಯೂಯಲ್ ಎರಡನ್ನೂ ತಪ್ಪಿಸಿ, ಗೇಜ್‌ನಲ್ಲಿ ಪ್ರೆಷರ್ ಬರುವ ತನಕ ಸ್ಟಾರ್ಟರ್‌ನಲ್ಲೇ ತಿರುಗಿಸಿ. ಆಮೇಲೆ ಸ್ಟಾರ್ಟ್ ಮಾಡಿ.

ಸ್ಟಾರ್ಟ್ ಆದ ಮೇಲೆ ಐಡಲ್‌ನಲ್ಲಿ ನಿಲ್ಲಿಸಿಕೊಂಡು ನೋಡುತ್ತಾ ಕೂರಬೇಡಿ. ಸೋರಿಕೆ ಇಲ್ಲ ಅಂತ ಖಾತ್ರಿಯಾದ ತಕ್ಷಣ ರಸ್ತೆಗೆ ಇಳಿಸಿ. ರಿಂಗ್ ಕೂರುವುದಕ್ಕೆ ಒತ್ತಡ ಬೇಕು. ಹದವಾಗಿ ವೇಗ ಏರಿಸಿ, ಗೇರಿನಲ್ಲೇ ಇಳಿಸಿ, ಮತ್ತೆ ಏರಿಸಿ. ಮೊದಲಿಗೆ ಸಾದಾ ಮಿನರಲ್ ಆಯಿಲ್ ಹಾಕಿ. 50 ಕಿಲೋಮೀಟರ್ ಆದಾಗ ಒಂದು ಸಲ, 500 ಆದಾಗ ಇನ್ನೊಂದು ಸಲ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ. ಎರಡು ಸಲವೂ ಫಿಲ್ಟರ್ ಕತ್ತರಿಸಿ ನೋಡಿ. ಮೊದಲನೆಯದರಲ್ಲಿ ಸ್ವಲ್ಪ ಪುಡಿ ಇರುತ್ತದೆ, ಎರಡನೆಯದರಲ್ಲಿ ಇರಬಾರದು. 800 ಕಿಲೋಮೀಟರ್ ತನಕ ಪೂರ್ತಿ ಬೂಸ್ಟ್ ಬೇಡ. ಆಮೇಲೆ ಒಂದೇ ಒಂದು ಸಲ ಪೂರ್ತಿ ಒತ್ತಿ, ವೈಡ್‌ಬ್ಯಾಂಡ್ ಮತ್ತು ನಾಕ್ ರಿಟಾರ್ಡ್ ರೆಕಾರ್ಡ್ ಮಾಡಿಕೊಳ್ಳಿ. ರಿಟಾರ್ಡ್ ಸೊನ್ನೆಯ ಹತ್ತಿರ ಇದ್ದರೆ ಕೆಲಸ ಸರಿಯಾಗಿದೆ. ನಾಲ್ಕೈದು ಡಿಗ್ರಿ ಕಾಣಿಸಿದರೆ ಅಲ್ಲೇ ನಿಲ್ಲಿಸಿ, ಪೆಟ್ರೋಲ್, ಪ್ಲಗ್, ಇಂಜೆಕ್ಟರ್ ಮತ್ತೆ ನೋಡಿ. ಸಣ್ಣ ಪುಲ್ಲಿಯ ಆಸೆ ಆಗಲೂ ಉಳಿದಿದ್ದರೆ, ಮುಂದಿನ ಉಳಿತಾಯವನ್ನು ಇಂಟರ್‌ಕೂಲರ್‌ಗೆ ಇಡಿ. ಪುಲ್ಲಿ ಅದರ ಹಿಂದೆ ಬರಲಿ.